ಜೀಪಿಗೆ ಜಾತಕ ಬೇಡ, ತಪಾಸಣೆ ಬೇಕು

ಮದುವೆಗೆ ಜಾತಕ ನೋಡುವ ಪದ್ಧತಿ ನಮ್ಮಲ್ಲಿ ಕಡಿಮೆಯಾಗುತ್ತಿದೆ ಅಂತಾರೆ. ಇರಬಹುದು. ಆದರೆ ಅದೇ ಪದ್ಧತಿ ಈಗ ಗಾಡಿಗಳಿಗೆ ಅಂಟಿಕೊಂಡಿದೆ. ಬಾನೆಟ್ ಎತ್ತುವುದಿಲ್ಲ, ಬ್ರೇಕು ನೋಡುವುದಿಲ್ಲ, ಹೊಗೆ ಅಳೆಯುವುದಿಲ್ಲ. ಹುಟ್ಟಿದ ತಾರೀಖು ಯಾವುದು ಎಂದು ಕೇಳಿ, ಅದರ ಮೇಲೆಯೇ ಆಯುಸ್ಸು ತೀರ್ಮಾನಿಸುತ್ತೇವೆ. ಡೀಸೆಲ್ಲಿಗೆ ಹತ್ತು, ಪೆಟ್ರೋಲಿಗೆ ಹದಿನೈದು, ಅಲ್ಲಿಗೆ ಮುಗಿಯಿತು. ಈ ಲೆಕ್ಕ ತಪ್ಪು ಎಂದು ಹೇಳುವುದಕ್ಕೇ ನಾನು ಈ ಬರಹಕ್ಕೆ ಕೂತಿದ್ದೇನೆ. ಊರಲ್ಲಿರುವ ನಿಮಗೆ ಇದು ದೂರದ ದೆಹಲಿಯ ರಗಳೆ ಅನ್ನಿಸಬಹುದು. ಅಷ್ಟು ದೂರದ್ದೇನಲ್ಲ.

ಮೊದಲು ನನ್ನ ಹಿತಾಸಕ್ತಿ ಏನೆಂದು ಹೇಳಿಬಿಡುತ್ತೇನೆ. ಬ್ಯಾಂಕಿನವರ ಅಭ್ಯಾಸ ಅದು. ನನ್ನ ಹತ್ತಿರ 1991ರ ಮಾಡೆಲ್ಲಿನ ಮಹೀಂದ್ರ ಎಂಎಂ 540 ಜೀಪಿದೆ. ಪ್ಯೂಜೋ ವಿನ್ಯಾಸದ 2112 ಸಿಸಿ ಡೀಸೆಲ್ ಎಂಜಿನ್, ನಾಲ್ಕು ಗೇರು, ಫೋರ್ ವೀಲಿಗೆ ಬೇರೆ ಲಿವರು. ಮೂಡಿಗೆರೆಯ ಕಡೆ ಬ್ರಾಂಚ್ ಮ್ಯಾನೇಜರ್ ಆಗಿದ್ದಾಗ, 1998ರಲ್ಲಿ, ಒಬ್ಬ ಕಾಫಿ ಬೆಳೆಗಾರರಿಂದ ಕೊಂಡದ್ದು. ಆಗ ಅದಕ್ಕೆ ಕೆಎ-18ರ ನಂಬರಿತ್ತು. ವರ್ಗಾವಣೆಯಾಗಿ 2003ರಲ್ಲಿ ಪುಣೆಗೆ ಬಂದೆ, ಜೀಪೂ ಹಿಂದೆಯೇ ಬಂತು. ಬೇರೆ ರಾಜ್ಯದಲ್ಲಿ ಗಾಡಿ ಹನ್ನೆರಡು ತಿಂಗಳು ಮೀರಿ ಇದ್ದರೆ ಹೊಸ ನೋಂದಣಿ ಮಾಡಿಸಬೇಕು ಎನ್ನುತ್ತದೆ ಕಾನೂನು. ಎನ್‌ಒಸಿ ತಂದು, ಇಲ್ಲಿಯ ತೆರಿಗೆ ಕಟ್ಟಿ, ಎಂಎಚ್-12 ಮಾಡಿಸಿದೆ. ಹಳೆಯ ತೆರಿಗೆಯಲ್ಲಿ ವಾಪಸು ಬರಬೇಕಾದ ಪಾಲಿಗಾಗಿ ಒಂದು ಕಚೇರಿಗೆ ಬರೆದ ಪತ್ರಗಳು ಈಗ ಒಂದು ಫೈಲು ತುಂಬಿವೆ, ಹಣ ಮಾತ್ರ ಬಂದಿಲ್ಲ. ವರ್ಗಾವಣೆಯ ನೌಕರರಿಗೆಂದು ಬಿಎಚ್ ಸರಣಿಯ ನಂಬರು ಬಂದದ್ದು 2021ರಲ್ಲಿ, ನಾನು ನಿವೃತ್ತನಾದ ಮರುವರ್ಷ. ಇರಲಿ. ನಂಬರು ಬದಲಾಯಿತು, ಚಾಸಿ ನಂಬರು ಬದಲಾಗಲಿಲ್ಲ. ಹೊರನಾಡಿನಲ್ಲಿ ಬದುಕುವವರಿಗೆ ಈ ಮಾತು ಬಿಡಿಸಿ ಹೇಳಬೇಕಿಲ್ಲ.

2013ರಿಂದ ಮೂರು ವರ್ಷ ನಾನು ದೆಹಲಿಯಲ್ಲಿದ್ದೆ. ಜೀಪನ್ನು ಪುಣೆಯಲ್ಲೇ ಬಿಟ್ಟು ಹೋಗಿದ್ದೆ. ಆ ಹೊತ್ತಿನಲ್ಲೇ ಈ ಕಥೆ ಶುರುವಾದದ್ದು. 2014ರ ನವೆಂಬರಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ಹದಿನೈದು ವರ್ಷ ದಾಟಿದ ವಾಹನಗಳು ದೆಹಲಿಯ ರಸ್ತೆಯಲ್ಲಿ ಓಡಬಾರದೆಂದಿತು. 2015ರ ಏಪ್ರಿಲಿನಲ್ಲಿ ಡೀಸೆಲ್ಲಿಗೆ ಹತ್ತೇ ವರ್ಷ ಎಂದಿತು. 2018ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಅದನ್ನೇ ರಾಜಧಾನಿ ವಲಯಕ್ಕೆಲ್ಲ ಗಟ್ಟಿಮಾಡಿತು. 2025ರ ಜುಲೈ 1ರಿಂದ ಇಂಥ ಗಾಡಿಗಳಿಗೆ ದೆಹಲಿಯ ಬಂಕುಗಳಲ್ಲಿ ಎಣ್ಣೆಯನ್ನೇ ಹಾಕಬಾರದೆಂಬ ಆದೇಶ ಬಂತು, ಜನ ಕೂಗೆಬ್ಬಿಸಿದ ಮೇಲೆ ಕೆಲವೇ ದಿನಗಳಲ್ಲಿ ಮುಂದಕ್ಕೆ ಹೋಯಿತು. ಅದೇ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು, ವಯಸ್ಸಾಯಿತು ಎಂಬ ಒಂದೇ ಕಾರಣಕ್ಕೆ ಮಾಲೀಕರ ಮೇಲೆ ಬಲವಂತದ ಕ್ರಮ ಬೇಡ ಎಂದಿತು. ಡಿಸೆಂಬರಿನಲ್ಲಿ ಆ ರಕ್ಷಣೆಯನ್ನು ಬಿಎಸ್-4 ಮತ್ತು ಅದರ ನಂತರದ ಗಾಡಿಗಳಿಗಷ್ಟೇ ಉಳಿಸಿತು. ಈ ಕೊನೆಯ ಆದೇಶದಿಂದ ನನ್ನಂಥವನ ಜೀಪಿಗೆ ಲಾಭವಿಲ್ಲ. ಆದರೂ ಅದು ಸರಿಯಾದ ದಿಕ್ಕಿನಲ್ಲಿ ಅರ್ಧ ಹೆಜ್ಜೆ ಎನ್ನುತ್ತೇನೆ. ಹುಟ್ಟಿದ ವರ್ಷ ಬಿಟ್ಟು ಎಂಜಿನ್ನಿನ ಗುಣದ ಕಡೆಗೆ ನೋಡಿದೆಯಲ್ಲ, ಅಷ್ಟಕ್ಕೆ.

ದೆಹಲಿಯಲ್ಲಿ ನಮ್ಮ ಪಕ್ಕದ ಬ್ಲಾಕಿನಲ್ಲಿ ಧಾರವಾಡದ ಕಡೆಯ ನಿವೃತ್ತ ಮೇಷ್ಟ್ರೊಬ್ಬರಿದ್ದರು. ಅವರದ್ದೊಂದು ಡೀಸೆಲ್ ಕಾರು. ಭಾನುವಾರ ತರಕಾರಿಗೆ, ವರ್ಷಕ್ಕೊಮ್ಮೆ ಹರಿದ್ವಾರಕ್ಕೆ. ಹತ್ತು ವರ್ಷಕ್ಕೆ 42 ಸಾವಿರ ಕಿಲೋಮೀಟರ್ ಓಡಿತ್ತು. ಅವಧಿ ಮುಗಿಯುತ್ತಲೇ ದಲ್ಲಾಳಿ ಬಂದು ಮೂರು ಕಾಸಿಗೆ ಕೊಂಡ. “ಏನ್ ಮಾಡ್ತೀಯಪ್ಪಾ ಇದನ್ನ?” ಅಂತ ಮೇಷ್ಟ್ರು ಕೇಳಿದರೆ, ಬೇರೆ ರಾಜ್ಯಕ್ಕೆ ಕಳಿಸುತ್ತೇನೆ ಎಂದನಂತೆ. ಅಂದರೆ ಆದದ್ದೇನು? ಕಾರು ಸಾಯಲಿಲ್ಲ, ಹೊಗೆಯೂ ಸಾಯಲಿಲ್ಲ, ವಿಳಾಸ ಬದಲಾಯಿತು ಅಷ್ಟೆ. ಹೀಗೆ ಬಂದ ದೆಹಲಿ ನಂಬರಿನ ಕಾರುಗಳನ್ನು ನಿಮ್ಮೂರಲ್ಲೂ ನೀವು ನೋಡಿರುತ್ತೀರಿ. ಇದೇ ನಿಯಮ ಮೂರು ಲಕ್ಷ ಕಿಲೋಮೀಟರ್ ಓಡಿ ಕರ್ರಗೆ ಹೊಗೆ ಕಾರುವ ಒಂಬತ್ತು ವರ್ಷದ ಗಾಡಿಯನ್ನು ಮಾತಾಡಿಸದೆ ಬಿಡುತ್ತದೆ. ಮೇಷ್ಟ್ರ ಕಾರನ್ನು ಹಿಡಿದು ಅದನ್ನು ಬಿಡುವ ನಿಯಮಕ್ಕೆ ಏನೆನ್ನಬೇಕು?

ನಾನು ಕಾಮರ್ಸ್ ಓದಿದವನು, ಸವಕಳಿಯ ಲೆಕ್ಕ ಬಲ್ಲೆ. ಆದಾಯ ತೆರಿಗೆಯಲ್ಲಿ ಕಾರಿಗೆ ವರ್ಷಕ್ಕೆ ಶೇಕಡ 15ರಂತೆ, ಉಳಿದ ಮೌಲ್ಯದ ಮೇಲೆ ಸವಕಳಿ ಹಾಕುತ್ತಾರೆ. ಹತ್ತು ಲಕ್ಷದ ಕಾರು ಹತ್ತು ವರ್ಷಕ್ಕೆ ಸುಮಾರು 1 ಲಕ್ಷ 97 ಸಾವಿರಕ್ಕೆ ಇಳಿಯುತ್ತದೆ, ಹದಿನೈದಕ್ಕೆ ಸುಮಾರು 87 ಸಾವಿರಕ್ಕೆ. ಎಷ್ಟು ವರ್ಷ ಎಳೆದರೂ ಸೊನ್ನೆಗೆ ಬರುವುದೇ ಇಲ್ಲ. ಪುಸ್ತಕದ ಲೆಕ್ಕವೇ ಸೊನ್ನೆ ಎನ್ನಲು ಒಪ್ಪದ ವಸ್ತುವನ್ನು ಕ್ಯಾಲೆಂಡರು ನೋಡಿ ಸೊನ್ನೆ ಎಂದುಬಿಡುವುದು ಯಾವ ಶಾಸ್ತ್ರ? ಬ್ಯಾಂಕಿನಲ್ಲಿ 38 ವರ್ಷ ನಾನು ಮಾಡಿದ್ದು ಒಂದೇ ಕೆಲಸ: ಸಾಲ ಕೊಡುವ ಮುನ್ನ ಸ್ಥಳ ತನಿಖೆ. ತೋಟ ಹಳೆಯದೋ ಹೊಸದೋ ಎಂದು ಕಾಗದ ನೋಡಿ ಬರೆಯುತ್ತಿರಲಿಲ್ಲ. ಹೋಗಿ ಗಿಡ ನೋಡುತ್ತಿದ್ದೆವು.

ಹಾಗಾದರೆ ಗಾಡಿಗೆ ವಯಸ್ಸಾಗುವುದೇ ಇಲ್ಲವೇ? ಆಗುತ್ತದೆ, ಆದರೆ ಇಡಿಯಾಗಿ ಅಲ್ಲ, ಬಿಡಿಬಿಡಿಯಾಗಿ. ನನ್ನ ಜೀಪಿನ ಮೆಕ್ಯಾನಿಕ್ ವಿಜಯಪುರ ಜಿಲ್ಲೆಯವನು; ಪುಣೆಯಲ್ಲಿ ಗ್ಯಾರೇಜು ಹಾಕಿ ಇಪ್ಪತ್ತೈದು ವರ್ಷವಾಯಿತು. ಅವನ ಮಾತು: “ಸಾಹೇಬ್ರ, ಚಾಸಿ ಗಟ್ಟಿ ಐತಿ. ಉಳಿದದ್ದೆಲ್ಲಾ ನಟ್ಟು ಬೋಲ್ಟಿನ ಮ್ಯಾಲೆ ನಿಂತೈತ್ರಿ, ಬಿಚ್ಚಿದ್ರ ಬರ್ತೈತಿ, ಹಾಕಿದ್ರ ಕೂಡ್ತೈತಿ.” ಇದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ. ಎರಡು ಸಲ ಎಂಜಿನ್ ಬಿಚ್ಚಿ ರಿಂಗು, ಬೇರಿಂಗು ಹಾಕಿಸಿದ್ದೇನೆ. ಮುಂದಿನ ಚಕ್ರದ ಕಿಂಗ್ ಪಿನ್ ಬೇರಿಂಗು, ಪ್ರೊಪೆಲ್ಲರ್ ಷಾಫ್ಟಿನ ಕ್ರಾಸು, ಲೀಫ್ ಸ್ಪ್ರಿಂಗಿನ ಬುಷ್ಷು, ಇವೆಲ್ಲ ಸವೆಯುವುದಕ್ಕೆಂದೇ ಇರುವ ಭಾಗಗಳು. ನಾನಾ ಪೇಠೆಯ ಅಂಗಡಿಸಾಲಿನಲ್ಲಿ ಹುಡುಕಿದರೆ ಇವತ್ತಿಗೂ ಸಿಗುತ್ತವೆ. ಸಿಗದಿದ್ದನ್ನು ಲೇತಿನವನು ಮಾಡಿಕೊಡುತ್ತಾನೆ.

ಹೊಗೆಯ ಮಾತೂ ಹೀಗೆಯೇ. ಡೀಸೆಲ್ ಗಾಡಿಯ ಹೊಗೆಗೆ ಬಣ್ಣವಿದೆ, ಬಣ್ಣಕ್ಕೆ ಅರ್ಥವಿದೆ. ಕಪ್ಪು ಹೊಗೆ ಬಂದರೆ ಗಾಳಿಗಿಂತ ಎಣ್ಣೆ ಹೆಚ್ಚಾಗಿದೆ. ಏರ್ ಫಿಲ್ಟರ್ ಕಟ್ಟಿರಬಹುದು, ನಾಝಲ್ ಸವೆದಿರಬಹುದು, ಪಂಪಿನ ಸೆಟ್ಟಿಂಗ್ ತಪ್ಪಿರಬಹುದು. ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಸುಡುತ್ತಿದೆ, ರಿಂಗು ನೋಡಬೇಕು. ಎಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಎಣ್ಣೆ ಪೂರ್ತಿ ಉರಿಯುತ್ತಿಲ್ಲ, ಇಲ್ಲವೇ ಒಳಕ್ಕೆ ನೀರು ಸೇರುತ್ತಿದೆ. ಇದರಲ್ಲಿ ಯಾವುದಕ್ಕೂ ಮದ್ದು ಗುಜರಿ ಅಲ್ಲ. ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುತ್ತಾರೆಯೇ?

ಈಗ ಎದುರಾಳಿಯ ಮಾತನ್ನೂ ಕೇಳೋಣ, ಅದರಲ್ಲಿ ಹುರುಳಿದೆ. ಎಷ್ಟು ಚೆನ್ನಾಗಿ ಇಟ್ಟರೂ ಹಳೆಯ ಡೀಸೆಲ್ ಎಂಜಿನ್ ಹೊಸದರಷ್ಟು ಶುದ್ಧವಾಗದು. ಬಿಎಸ್-4 ಡೀಸೆಲ್ ಕಾರಿಗೆ ಕಿಲೋಮೀಟರಿಗೆ 25 ಮಿಲಿಗ್ರಾಂ ಮಸಿಕಣಗಳ ಮಿತಿಯಿತ್ತು, ಬಿಎಸ್-6ರಲ್ಲಿ ಅದು ನಾಲ್ಕೂವರೆಗೆ ಇಳಿಯಿತು. ನನ್ನ ಜೀಪು ಈ ಬಿಎಸ್ ಎಂಬ ಹೆಸರೇ ಹುಟ್ಟದ ಕಾಲದ್ದು. ದೆಹಲಿಯ ಚಳಿಗಾಲದ ಗಾಳಿಯನ್ನು ನಾನು ಮೂರು ವರ್ಷ ಉಸಿರಾಡಿದ್ದೇನೆ, ಅಲ್ಲಿಯ ಮಕ್ಕಳ ಕೆಮ್ಮು ಕೇಳಿದ್ದೇನೆ. ಅಂಥ ಊರಿಗೆ ನನ್ನ ಜೀಪನ್ನು ಬಿಡಬೇಡಿ, ನನ್ನ ತಕರಾರಿಲ್ಲ. ಆದರೆ “ಇಲ್ಲಿ ಓಡಿಸಬೇಡ” ಎನ್ನುವುದು ಬೇರೆ, “ಒಡೆದು ಹಾಕು” ಎನ್ನುವುದು ಬೇರೆ. ಹೊಗೆಯ ಲೆಕ್ಕಕ್ಕೆ ಎರಡು ಅಂಕಿ ಬೇಕು: ಕಿಲೋಮೀಟರಿಗೆ ಎಷ್ಟು, ಎಷ್ಟು ಕಿಲೋಮೀಟರು. ದಿನಕ್ಕೆ 200ರಂತೆ 300 ದಿನ ಓಡುವ ಟ್ಯಾಕ್ಸಿ ವರ್ಷಕ್ಕೆ 60 ಸಾವಿರ ಓಡುತ್ತದೆ. ನನ್ನ ಜೀಪು ಎರಡು ಸಾವಿರ, ಅದೂ ಬಹುಪಾಲು ಘಟ್ಟದ ಕಡೆ. ಮೊದಲ ಅಂಕಿಯನ್ನು ಮಾತ್ರ ಹಿಡಿದು ಎರಡನೆಯದನ್ನು ಕೇಳದಿದ್ದರೆ ಅದು ಅರ್ಧ ಬ್ಯಾಲೆನ್ಸ್ ಶೀಟು. ದೆಹಲಿಯ ವಯಸ್ಸಿನ ನಿಯಮವಂತೂ ಎರಡನ್ನೂ ಕೇಳುವುದಿಲ್ಲ.

ತಮಾಷೆ ಎಂದರೆ, 2021ರ ಆಗಸ್ಟಿನಲ್ಲಿ ಬಂದ ಕೇಂದ್ರದ ಗುಜರಿ ನೀತಿ ಖಾಸಗಿ ಗಾಡಿಗೆ ಫಿಟ್‌ನೆಸ್ ಪರೀಕ್ಷೆಯೇ ಮುಖ್ಯ ಎನ್ನುತ್ತದೆ. ಪಾಸಾದರೆ ಓಡಿಸು, ಫೇಲಾದರೆ ಗುಜರಿ. ಮಾತು ಸರಿಯಾಗಿಯೇ ಇದೆ. ಆದರೆ ಕಾರಿನ ನೋಂದಣಿ ನವೀಕರಣದ ಶುಲ್ಕ 600 ರೂಪಾಯಿ ಇದ್ದದ್ದು 2022ರ ಏಪ್ರಿಲಿನಿಂದ 5 ಸಾವಿರವಾಯಿತು. 2025ರ ಆಗಸ್ಟಿನ ಅಧಿಸೂಚನೆಯಲ್ಲಿ ಇಪ್ಪತ್ತು ವರ್ಷ ದಾಟಿದ ಕಾರು, ಜೀಪುಗಳಿಗೆ ಅದು 10 ಸಾವಿರಕ್ಕೆ ಏರಿತು. ಹೊಗೆ ಹೆಚ್ಚಿದ್ದರೆ ಹೆಚ್ಚು, ಕಡಿಮೆ ಇದ್ದರೆ ಕಡಿಮೆ ಎಂದಿದ್ದರೆ ನಾನೇ ಕ್ಯೂನಲ್ಲಿ ಮೊದಲು ನಿಲ್ಲುತ್ತಿದ್ದೆ. ಇಲ್ಲಿ ಮತ್ತೆ ಜಾತಕವೇ.

ಇನ್ನೊಂದು ವಿಚಿತ್ರ ಕೇಳಿ. ಐವತ್ತು ವರ್ಷ ದಾಟಿದ, ಹೆಚ್ಚು ಬದಲಾವಣೆ ಮಾಡದ ವಾಹನಗಳಿಗೆ 2021ರಲ್ಲಿ ಸರ್ಕಾರ ವಿಂಟೇಜ್ ಎಂಬ ಗೌರವ ಕೊಟ್ಟು ‘ವಿಎ’ ಸರಣಿಯ ನಂಬರು ಕೊಡಲು ನಿಯಮ ಮಾಡಿತು. ಒಳ್ಳೆಯದೇ. ಹತ್ತು-ಹದಿನೈದಕ್ಕೆ ಗುಜರಿ, ಐವತ್ತಕ್ಕೆ ಹಾರ ತುರಾಯಿ. ನಡುವಿನ ಮೂವತ್ತೈದು ವರ್ಷ ಗಾಡಿ ಎಲ್ಲಿ ಅವಿತುಕೊಂಡಿರಬೇಕು ಸ್ವಾಮಿ? ಐವತ್ತು ಮುಟ್ಟುವ ಗಾಡಿ ಮೂವತ್ತೈದನ್ನು ದಾಟಿಯೇ ಹೋಗಬೇಕಲ್ಲವೇ?

ಹಳೆ ಜೀಪಿನವರಲ್ಲೇ ಕೆಲವರು ನಮ್ಮ ವಾದವನ್ನು ಹಾಳು ಮಾಡುತ್ತಿದ್ದಾರೆ, ಅದನ್ನೂ ಹೇಳಲೇಬೇಕು. ಹರಿಯಾಣದಲ್ಲಿ ಮಂಡಿ ಡಬ್ವಾಲಿ ಎಂಬ ಊರಿದೆ, ಸಿರ್ಸಾ ಜಿಲ್ಲೆಯಲ್ಲಿ (ನಮ್ಮ ಶಿರಸಿ ಅಲ್ಲ). ಜೀಪು ಕಟ್ಟಿ ಅಲಂಕರಿಸುವುದಕ್ಕೆ ಹೆಸರಾದ ಊರು. ಅಲ್ಲಿಯ ಕೈಕೆಲಸದ ಬಗ್ಗೆ ನನಗೆ ಗೌರವವಿದೆ. ಆದರೆ ಆ ಶೋಕಿಯ ಬೆನ್ನು ಹತ್ತಿ ಎಲ್ಲ ಊರುಗಳಲ್ಲೂ ಹುಡುಗರು ಆನೆಪಾದದಂಥ ಟಯರು, ಎದುರಿನವನ ಕಣ್ಣು ಕುಕ್ಕುವ ದೀಪದ ಸಾಲು, ಕತ್ತರಿಸಿದ ಸೈಲೆನ್ಸರು ಹಾಕಿಸುತ್ತಾರೆ. ದೊಡ್ಡ ಟಯರಿನ ಭಾರ ಕಿಂಗ್ ಪಿನ್ನಿನ ಮೇಲೆ ಬೀಳುತ್ತದೆ, ಸ್ಟೀರಿಂಗು ಒದರುತ್ತದೆ. ಗಾಡಿ ಎತ್ತರವಾದಷ್ಟೂ ತಿರುವಿನಲ್ಲಿ ಮಗುಚುವುದು ಸುಲಭ. ಇದು ರಿಪೇರಿಯಲ್ಲ, ವೇಷ. ತಯಾರಕರ ವಿನ್ಯಾಸಕ್ಕೆ ವಿರುದ್ಧವಾಗಿ ಗಾಡಿ ಬದಲಿಸಬಾರದೆಂದು ಮೋಟಾರು ವಾಹನ ಕಾಯಿದೆಯ 52ನೇ ಸೆಕ್ಷನ್ ಹೇಳುತ್ತದೆ. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಮಾಲೀಕನಿಗೆ ಆರು ತಿಂಗಳವರೆಗೆ ಜೈಲು, ಇಲ್ಲವೇ ಒಂದೊಂದು ಬದಲಾವಣೆಗೂ 5 ಸಾವಿರ ದಂಡ ಎಂದಾಯಿತು.

ಈ ಕಾನೂನು ವೇಷಕ್ಕೆ ಬಿದ್ದರೆ ನನಗೆ ಸಂತೋಷ. ಆದರೆ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕಿದ್ದ ಗಾಡಿಗೆ ಒಳ್ಳೆಯ ಬ್ರೇಕು, ಭುಜದ ಮೇಲಿಂದ ಬರುವ ಸೀಟ್ ಬೆಲ್ಟು, ಟಾರ್ಪಾಲಿನ ಕೆಳಗೆ ಗಟ್ಟಿ ಪೈಪಿನ ಚೌಕಟ್ಟು ಹಾಕಿಸಲು ಹೊರಟವನಿಗೂ ಅದೇ ಭಯವಿದ್ದರೆ ಹೇಗೆ? ಜೀವ ಉಳಿಸುವ ಬದಲಾವಣೆಗಳ ಒಂದು ಪಟ್ಟಿ ಮಾಡಿ, ಪರಿಶೀಲಿಸಿ, ಪುಸ್ತಕದಲ್ಲಿ ಬರೆದುಕೊಡಿ. ಉಳಿದದ್ದಕ್ಕೆ ದಂಡ ಹಾಕಿ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ಇಷ್ಟೆಲ್ಲ ಊರಿನವರಿಗೆ ಯಾಕೆ ಹೇಳುತ್ತಿದ್ದೇನೆಂದರೆ, ನನಗಿದು ಹವ್ಯಾಸ, ನಿಮಗೆ ಬದುಕು. ಮೂಡಿಗೆರೆ, ಸಕಲೇಶಪುರದ ತೋಟಗಳಲ್ಲಿ ಮಳೆಗಾಲದ ಕೆಸರಿನಲ್ಲಿ ಗೊಬ್ಬರ, ಕಾಫಿ ಮೂಟೆ, ಹೆರಿಗೆನೋವಿನ ಹೆಂಗಸು, ಎಲ್ಲವನ್ನೂ ಹೊತ್ತದ್ದು ಇಂಥ ಜೀಪುಗಳೇ. ಸುಳ್ಯ, ಬೆಳ್ತಂಗಡಿಯ ಕಡೆ ಬಸ್ಸು ಹೋಗದ ಹಳ್ಳಿಗೆ ಸರ್ವಿಸ್ ಜೀಪೇ ಬಸ್ಸು. ಮಡಿಕೇರಿಯಿಂದ ಮಾಂದಲಪಟ್ಟಿಗೆ ಪ್ರವಾಸಿಗರನ್ನು ಹತ್ತಿಸಿ ಹೊಟ್ಟೆ ಹೊರೆಯುವವರ ಮನೆಯ ಒಲೆ ಉರಿಯುವುದೂ ಇದರಿಂದಲೇ. ಹೊಸ ಫೋರ್ ವೀಲ್ ಗಾಡಿಯ ಬೆಲೆ ಈಗ ಹತ್ತು ಲಕ್ಷದ ಮೇಲೆ. ನಾಲ್ಕೆಕರೆ ತೋಟದವನು ಅದಕ್ಕೆ ಸಾಲ ಕೇಳಿ ಬಂದಿದ್ದರೆ, ಮ್ಯಾನೇಜರ್ ಕುರ್ಚಿಯಲ್ಲಿ ಕೂತು ನಾನೇ ಬೇಡ ಎನ್ನುತ್ತಿದ್ದೆ. ದೆಹಲಿಯ ಗಾಳಿಗೆಂದು ಹೊಲಿದ ಅಂಗಿಯನ್ನು ನಾಳೆ ಇಡೀ ದೇಶಕ್ಕೆ ತೊಡಿಸಲು ಹೊರಟರೆ ಮೊದಲು ಬಿಗಿಯುವುದು ಇವರ ಕುತ್ತಿಗೆಗೆ.

ಹಾಗಾಗಿ ಊರಿನವರಲ್ಲಿ ನನ್ನ ಕೋರಿಕೆ ಎರಡು. ಒಂದು, ನಿಮ್ಮ ಜೀಪನ್ನು ನೆಟ್ಟಗೆ ಇಟ್ಟುಕೊಳ್ಳಿ. ನಾಝಲ್ಲು, ಪಂಪು ಕಾಲಕಾಲಕ್ಕೆ ನೋಡಿಸಿ; “ನಮ್ಮೂರಲ್ಲಿ ಯಾರು ಕೇಳ್ತಾರೆ ಮಾರಾಯ್ರೇ” ಅನ್ನಬೇಡಿ. ನೀವು ಬಿಡುವ ಒಂದೊಂದು ಕಪ್ಪು ಹೊಗೆಯೂ ನಮ್ಮ ವಿರುದ್ಧದ ಸಾಕ್ಷಿ. ಎರಡು, ಮತ ಕೇಳಲು ಬಂದವರನ್ನು ಕೇಳಿ: ತಾಲ್ಲೂಕಿಗೊಂದು ಸರಿಯಾದ ತಪಾಸಣಾ ಕೇಂದ್ರ ಎಲ್ಲಿ? ಹಳೆಯದಿರಲಿ ಹೊಸದಿರಲಿ, ಎಲ್ಲ ಗಾಡಿಗೂ ಒಂದೇ ಅಳತೆಗೋಲು ಯಾವಾಗ? ಓಡಿದಷ್ಟಕ್ಕೆ, ಉಗುಳಿದಷ್ಟಕ್ಕೆ ಶುಲ್ಕ ಹಾಕಲು ಏನಡ್ಡಿ?

2026ಕ್ಕೆ ನನ್ನ ಜೀಪಿಗೆ ಮೂವತ್ತೈದು ತುಂಬುತ್ತದೆ, ನವೀಕರಣದ ವರ್ಷವೂ ಅದೇ. ಯಂತ್ರದ ಮೇಲೆ ನಿಲ್ಲಿಸಲಿ, ಬ್ರೇಕು ಒತ್ತಿ ನೋಡಲಿ, ಹೊಗೆ ಅಳೆಯಲಿ. ಫೇಲಾದರೆ ಕೀಲಿಕೈಯನ್ನು ನಾನೇ ಮೇಜಿನ ಮೇಲಿಟ್ಟು ಬರುತ್ತೇನೆ. ಪಾಸಾದರೆ ಅದರ ಹುಟ್ಟಿದ ತಾರೀಖಿನ ಮಾತನ್ನು ಯಾರೂ ಎತ್ತಬಾರದು.