ಪ್ಲೇಟಿಗಿಂತ ಮೊದಲು ಚರ್ಮ

ಪಾದದ ಗಂಟಿನಿಂದ ಸ್ವಲ್ಪ ಮೇಲೆ ಕಾಲಿನ ಮೂಳೆ ಮುರಿದು ಯಾರಾದರೂ ಆಸ್ಪತ್ರೆ ಸೇರಿದರೆ ಮನೆಯವರ ಪ್ರಶ್ನೆಗಳು ಹೆಚ್ಚಾಗಿ ಎರಡೇ: ಆಪರೇಷನ್ ಯಾವಾಗ, ಹಾಕುವ ಪ್ಲೇಟ್ ಯಾವುದು? ಇವತ್ತೇ ಆಗಿಬಿಡಲಿ ಎಂಬ ಆತುರ ಒಂದು ಕಡೆ, ದುಬಾರಿಯಾದರೂ ಟೈಟಾನಿಯಂ ಇರಲಿ ಎಂಬ ಕಾಳಜಿ ಇನ್ನೊಂದು ಕಡೆ. ಎರಡೂ ಪ್ರೀತಿಯಿಂದ ಹುಟ್ಟಿದ್ದೇ. ಆದರೆ ಈ ಜಾಗದ ಮುರಿತದಲ್ಲಿ ಕಾಲಿನ ಹಣೆಬರಹವನ್ನು ಬಹುಮಟ್ಟಿಗೆ ನಿರ್ಧರಿಸುವುದು ಪ್ಲೇಟನ್ನು ಮುಚ್ಚಬೇಕಾದ ಚರ್ಮ. ಬಾವು ಇಳಿಯಲಿ ಎಂದು ವೈದ್ಯರು ಕೆಲವು ದಿನ ಕಾಯಿಸಿದರೆ ಅದನ್ನು ಅಸಡ್ಡೆ ಎನ್ನದೆ ಚಿಕಿತ್ಸೆಯ ಭಾಗವೆಂದೇ ನಾವು ಒಪ್ಪಿಕೊಳ್ಳಬೇಕು.

ಮೊಣಕಾಲಿನಿಂದ ಕೆಳಕ್ಕೆ ಕಾಲಿನ ಒಳಬದಿಯನ್ನು ಬೆರಳಿನಿಂದ ಸವರಿದರೆ ಪಾದದ ಗಂಟಿನವರೆಗೂ ಮೂಳೆ ನೇರವಾಗಿ ಕೈಗೆ ಸಿಗುತ್ತದೆ. ತೊಡೆಯ ಮೂಳೆಗಿರುವಂಥ ಮಾಂಸದ ಹೊದಿಕೆ ಇಲ್ಲಿಲ್ಲ. ಹಿಂದಿನ ಮೀನಖಂಡವೂ ಕೆಳಗೆ ಬರುತ್ತಾ ಬರೀ ಸ್ನಾಯುರಜ್ಜುಗಳಾಗಿ ಸಣ್ಣದಾಗುತ್ತದೆ. ರಕ್ತದ ಹರಿವೂ ಇಲ್ಲಿ ಕಡಿಮೆ. ಬೈಕಿನಿಂದ ಬಿದ್ದೋ ಎತ್ತರದಿಂದ ಜಾರಿಯೋ ಇಲ್ಲಿ ಮೂಳೆ ಪುಡಿಯಾದರೆ ಕೆಲವೇ ಗಂಟೆಗಳಲ್ಲಿ ಚರ್ಮ ಬಿಗಿದು ಮಿರುಗತೊಡಗುತ್ತದೆ, ಮರುದಿನದ ಹೊತ್ತಿಗೆ ನೀರುಗುಳ್ಳೆಗಳೂ ಏಳಬಹುದು. ಆ ಸ್ಥಿತಿಯಲ್ಲಿ ಕುಯ್ದು ಪ್ಲೇಟ್ ಕೂರಿಸಿದರೆ ಹೊಲಿಗೆ ಎಳೆದುಕೊಳ್ಳುತ್ತದೆ, ಗಾಯದ ಅಂಚು ಕಪ್ಪಾಗುತ್ತದೆ, ಕೆಲವರಲ್ಲಿ ಲೋಹವೇ ಹೊರಗೆ ಕಾಣಿಸಿಕೊಳ್ಳುತ್ತದೆ. ಕೀವು ಮೂಳೆಗಿಳಿದ ಮೇಲೆ ಬೇರೆ ಕಡೆಯ ಮಾಂಸ ತಂದು ಮುಚ್ಚುವುದು, ಪ್ಲೇಟ್ ತೆಗೆಯುವುದು, ಮತ್ತೆ ಜೋಡಿಸುವುದು ಎಂದು ತಿಂಗಳುಗಟ್ಟಲೆ ಆಸ್ಪತ್ರೆಗೆ ಅಲೆದಾಟ.

ವೈದ್ಯಲೋಕ ಇದನ್ನು ಕಲಿತದ್ದು ರೋಗಿಗಳ ನೋವಿನಿಂದಲೇ. 1969ರಲ್ಲಿ ಸ್ವಿಟ್ಜರ್ಲೆಂಡಿನ ರ‍್ಯೂಡಿ ಮತ್ತು ಆಲ್‌ಗೊವರ್, ಕೀಲಿನವರೆಗೂ ಒಡೆದ ಇಂಥ ಮುರಿತಗಳನ್ನು ಬಿಚ್ಚಿ, ಜೋಡಿಸಿ, ಒಳಬದಿಗೆ ಪ್ಲೇಟ್ ಆನಿಸಿ ಒಳ್ಳೆಯ ಫಲ ಪಡೆದುದನ್ನು ವರದಿ ಮಾಡಿದರು. ಅವರ ರೋಗಿಗಳಲ್ಲಿ ಹೆಚ್ಚಿನವರು ಹಿಮದ ಮೇಲೆ ಸ್ಕೀಯಿಂಗ್ ಮಾಡುವಾಗ ಬಿದ್ದವರು. ಕಾಲು ತಿರುಚಿತ್ತು, ಸುತ್ತಲಿನ ಚರ್ಮ ಜಜ್ಜಿರಲಿಲ್ಲ. ಅದೇ ವಿಧಾನವನ್ನು ವಾಹನ ಅಪಘಾತದ ಗಾಯಾಳುಗಳಿಗೆ ಬಳಸಿದಾಗ ಗಾಯ ಕೂಡದ, ಸೋಂಕು ತಗುಲಿದ ಪ್ರಕರಣಗಳು ಕಂಗೆಡಿಸುವಷ್ಟು ಹೆಚ್ಚಿದವು. 1999ರಲ್ಲಿ ಅಮೆರಿಕದ ಎರಡು ತಂಡಗಳು ಕೆಲಸವನ್ನು ಎರಡು ಹಂತಗಳಾಗಿ ಒಡೆದು ತೋರಿಸಿದವು: ಮೊದಲು ಹೊರಗಿನಿಂದ ಸರಳುಗಳ ಚೌಕಟ್ಟು ಹಾಕಿ ಕಾಲನ್ನು ಅದರ ಉದ್ದಕ್ಕೆ ನಿಲ್ಲಿಸುವುದು, ಹತ್ತು ದಿನವೋ ಮೂರು ವಾರವೋ ಬಿಟ್ಟು ಚರ್ಮದಲ್ಲಿ ಮತ್ತೆ ಸುಕ್ಕು ಮೂಡಿದ ಮೇಲೆ ಪ್ಲೇಟ್ ಹಾಕುವುದು. ಸೋಂಕು ಗಣನೀಯವಾಗಿ ತಗ್ಗಿತು.

ಪ್ಲೇಟಿನ ಆಯ್ಕೆಯೂ ಚರ್ಮದ ಲೆಕ್ಕಾಚಾರವೇ. ಒಳಬದಿಯ ಪ್ಲೇಟ್ ಸುಲಭವಾಗಿ ಕೂರುತ್ತದೆ, ಆದರೆ ತೆಳ್ಳಗಿನ ಚರ್ಮದಡಿ ಉಬ್ಬಿ ಚಪ್ಪಲಿಗೆ ತಾಗುತ್ತದೆ. ಮುಂದಿನ ಹೊರಬದಿಯಲ್ಲಿ ಮಾಂಸದ ಆಸರೆ ಸ್ವಲ್ಪ ಹೆಚ್ಚು, ನರವನ್ನು ಜೋಪಾನ ಮಾಡಬೇಕು. ಸ್ಕ್ರೂಗಳ ತಲೆ ಪ್ಲೇಟಿಗೇ ಬಿಗಿದುಕೊಳ್ಳುವ ಲಾಕಿಂಗ್ ಪ್ಲೇಟನ್ನು ಸಣ್ಣ ರಂಧ್ರಗಳಿಂದ ಚರ್ಮದಡಿ ಜಾರಿಸಿದರೆ ಮೂಳೆಯ ಮೇಲ್ಪೊರೆಯ ರಕ್ತನಾಳಗಳು ಉಳಿಯುತ್ತವೆ. ಮುರಿತ ಕೀಲಿಗೆ ಇಳಿಯದಿದ್ದರೆ ಪ್ಲೇಟೇ ಬೇಕೆಂದೂ ಇಲ್ಲ. ಬ್ರಿಟನ್ನಿನ 28 ಆಸ್ಪತ್ರೆಗಳ 321 ರೋಗಿಗಳನ್ನು ಒಳಗೊಂಡು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮೂಳೆಯೊಳಗೆ ರಾಡ್ ಹಾಕಿಸಿಕೊಂಡವರಿಗೂ ಲಾಕಿಂಗ್ ಪ್ಲೇಟ್ ಹಾಕಿಸಿಕೊಂಡವರಿಗೂ ಆರು ತಿಂಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಮೂರನೇ ತಿಂಗಳಲ್ಲಿ ರಾಡಿನವರೇ ತುಸು ಮುಂದಿದ್ದರು. ವರ್ಷ ತುಂಬುವಾಗ ಇಬ್ಬರೂ ಒಂದೇ. ದುಬಾರಿ ಪ್ಲೇಟಿಗಾಗಿ ಸಾಲ ಮಾಡುವ ಕುಟುಂಬಕ್ಕೆ ಈ ಮಾತು ಯಾರಾದರೂ ಹೇಳಲೇಬೇಕು. ಲಾಕಿಂಗ್ ಪ್ಲೇಟಿನ ನಿಜವಾದ ಉಪಕಾರ ಕಾಣುವುದು ವಯಸ್ಸಾದವರ ಟೊಳ್ಳು ಮೂಳೆಯಲ್ಲಿ, ಕೀಲಿನ ಹತ್ತಿರದ ಸಣ್ಣ ತುಂಡುಗಳಲ್ಲಿ.

ಕಾಯದೆಯೂ ಒಳ್ಳೆಯ ಫಲ ಬರುತ್ತದಲ್ಲ ಎಂಬ ಆಕ್ಷೇಪಕ್ಕೆ ಆಧಾರವಿದೆ. ಎರಡು ದಿನದೊಳಗೇ ಹೆಚ್ಚಿನವರಿಗೆ ಆಪರೇಷನ್ ಮುಗಿಸಿದ ಕೆನಡಾದ ತಂಡವೊಂದು 2010ರಲ್ಲಿ ಕಡಿಮೆ ಸೋಂಕನ್ನು ವರದಿ ಮಾಡಿದೆ. ಅದು ಇಂಥ ಮುರಿತಗಳಲ್ಲೇ ಪಳಗಿದ ಕೈಗಳ, ಬಾವು ಏರುವ ಮೊದಲೇ ಥಿಯೇಟರ್ ಸಿಗುವ ವ್ಯವಸ್ಥೆಯ ಫಲ. ಬೇರೆ ಊರಿನಿಂದ ಆಂಬುಲೆನ್ಸಿನಲ್ಲಿ ಬರುವಷ್ಟರಲ್ಲೇ ಕಾಲು ಬಾತಿರುವ ರೋಗಿಗೆ ಅದನ್ನು ಹಾಗೇ ಅನ್ವಯಿಸಲಾಗದು. ಮೂಳೆ ಚರ್ಮ ಸೀಳಿ ಹೊರಬಂದಿದ್ದರೆ, ಪಾದಕ್ಕೆ ರಕ್ತ ನಿಂತಿದ್ದರೆ, ಬಿಗಿತದಿಂದ ನೋವು ತಡೆಯಲಾಗದಂತಿದ್ದರೆ ಮಾತ್ರ ಒಂದು ಗಂಟೆಯೂ ಕಾಯಬಾರದು. ಆದರೆ ಆಗ ಮಾಡುವ ತುರ್ತು ಕೆಲಸ ತೊಳೆಯುವುದು, ಒತ್ತಡ ಬಿಡಿಸುವುದು, ಕಾಲನ್ನು ನಿಲ್ಲಿಸುವುದು. ಕೊನೆಯ ಪ್ಲೇಟ್ ಆಗಲೂ ಸಾಮಾನ್ಯವಾಗಿ ಆಮೇಲೆಯೇ.

ನನ್ನನ್ನು ಹೆಚ್ಚು ಕಾಡುವುದು ಹಣದ ಪ್ರಶ್ನೆ. ದಿನಗೂಲಿಯವರಿಗೆ ಎರಡು ವಾರದ ಕಾಯುವಿಕೆ ಎಂದರೆ ಎರಡು ವಾರದ ಅನ್ನ, ಜೊತೆಗೆ ನೋಡಿಕೊಳ್ಳುವವರ ಕೂಲಿಯೂ ಹೋಯಿತು. ಬೇಸತ್ತು ಬಿಡುಗಡೆ ಮಾಡಿಸಿಕೊಂಡು ಕಟ್ಟು ಕಟ್ಟುವವರ ಬಳಿ ಹೋಗುವವರನ್ನು ಬೈದು ಪ್ರಯೋಜನವಿಲ್ಲ, ಬಾತ ಕಾಲಿಗೆ ಬಿಗಿದ ಕಟ್ಟು ರಕ್ತವನ್ನೇ ನಿಲ್ಲಿಸಬಹುದು ಎನ್ನುವುದು ನಿಜವಾದರೂ. ಸರ್ಕಾರಿ ಯೋಜನೆಯಾಗಲಿ ಖಾಸಗಿ ವಿಮೆಯಾಗಲಿ, ಹೊರಚೌಕಟ್ಟಿನ ಮೊದಲ ಹಂತಕ್ಕೂ ಪ್ಲೇಟಿನ ಎರಡನೇ ಹಂತಕ್ಕೂ ಬೇರೆಬೇರೆಯಾಗಿ ಹಣ ಕೊಡಬೇಕು. ಚೌಕಟ್ಟು ಹಾಕಿದ ಮೇಲೆ ಸ್ಥಿರವಾಗಿರುವ ರೋಗಿ ಮನೆಯಲ್ಲಿ ಕಾಲು ಎತ್ತರಕ್ಕಿಟ್ಟು ಮಲಗಿ, ಬೀಡಿ ಬಿಟ್ಟು, ಸಕ್ಕರೆ ಹತೋಟಿಗೆ ತಂದುಕೊಂಡು, ಚರ್ಮ ತಯಾರಾದ ದಿನ ಮತ್ತೆ ದಾಖಲಾಗುವಂತಿರಬೇಕು.