ಹೊಳೆದಂಡೆಯ ಊರುಗಳಲ್ಲಿ ನಾಲ್ಕು ದಿನ ನಿಲ್ಲಬೇಕೆ?

ರೈನ್, ಡ್ಯಾನ್ಯೂಬ್ ದಂಡೆಯ ಹಳೇ ಊರುಗಳನ್ನು ಹಡಗಿನಲ್ಲಿ ಕೂತು ಸಾವಕಾಶವಾಗಿ ನೋಡುವುದು ಯುರೋಪಿನಲ್ಲಿ ದೊಡ್ಡ ವ್ಯಾಪಾರ. ವಿಜಯಪುರ ಜಿಲ್ಲೆಗೂ ಎರಡು ಹೊಳೆಗಳಿವೆ: ಇಂಡಿ, ಸಿಂದಗಿ ಕಡೆ ಭೀಮೆ, ಮುದ್ದೇಬಿಹಾಳ, ಬಸವನಬಾಗೇವಾಡಿ ಕಡೆ ಕೃಷ್ಣೆ. ಇಲ್ಲೂ ಅಂಥ ನಿಧಾನದ ಪ್ರವಾಸ ಬೆಳೆಸಬೇಕೆ?

ಪರ

ಬೇಕು. ಬೆಳಿಗ್ಗೆ ಗೋಳಗುಮ್ಮಟ, ಮಧ್ಯಾಹ್ನ ಆಲಮಟ್ಟಿ, ಸಂಜೆ ಕೂಡಲಸಂಗಮ. ಹೀಗೆ ಓಡಿದವರ ಚಪ್ಪಲಿಗೆ ಈ ಸೀಮೆಯ ಎರೆಮಣ್ಣು ಹತ್ತುವುದೇ ಇಲ್ಲ.

ನೆಕರ್ ನದಿಯ ಹೈಡೆಲ್‌ಬರ್ಗ್‌ಗೆ ಹೋದವರು ಅಲ್ಲಿನ ವಿಶ್ವವಿದ್ಯಾಲಯವನ್ನು ಬಾಯಿತುಂಬ ಹೊಗಳುತ್ತಾರೆ. ಅದು ಶುರುವಾದದ್ದು 1386ರಲ್ಲಿ. ಇಂಡಿ ಪಕ್ಕದ ಸಾಲೋಟಗಿಯ ಶಾಸನ 945ರದು. ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ ಮಂತ್ರಿ ನಾರಾಯಣ ಅಲ್ಲಿ ಶಾಲೆ ಕಟ್ಟಿಸಿದ್ದ, ನಾನಾ ನಾಡಿನ ವಿದ್ಯಾರ್ಥಿಗಳು ಬಂದು ಓದುತ್ತಿದ್ದರು, ದೀಪದ ಖರ್ಚಿಗೂ ಭೂಮಿ ಬಿಟ್ಟಿದ್ದರು. ಇಂಡಿ ನಿಂಬೆಹಣ್ಣಿನ ಹೆಸರು ಕೇಳಿದವರಲ್ಲಿ ಎಷ್ಟು ಜನಕ್ಕೆ ಇದು ಗೊತ್ತು?

ಅದೇ ಸೀಮೆಯ ಹಲಸಂಗಿಯನ್ನೇ ನೋಡಿ. ಮಧುರಚೆನ್ನ, ಸಿಂಪಿ ಲಿಂಗಣ್ಣ ಮತ್ತವರ ಗೆಳೆಯರು ಬೀಸುವ ಹೆಣ್ಣುಮಕ್ಕಳ ಬಾಯಿಂದ ಹಾಡು ಬರೆದುಕೊಂಡು ‘ಗರತಿಯ ಹಾಡು’ ಕೊಟ್ಟರು. ಅಂಥ ಊರನ್ನು ಕಾರಿನ ಕಿಟಕಿಯಿಂದ ನೋಡಿದರೆ ಏನು ದಕ್ಕೀತು? ಕಟ್ಟೆಗೆ ಕೂತು, ಯಾರದೋ ಮನೆಯ ಚಹಾ ಕುಡಿದು, ಹಿರೀಕರನ್ನು ಮಾತಿಗೆಳೆಯಬೇಕು.

ಇನ್ನು ಮುದ್ದೇಬಿಹಾಳ ಸೀಮೆಯ ತಂಗಡಗಿ. ಬಸವಣ್ಣನವರ ಕರೆ ಬಂದು ಕಲ್ಯಾಣದಿಂದ ಹೊರಟ ಅವರ ಪತ್ನಿ ನೀಲಮ್ಮ ಐಕ್ಯಳಾದದ್ದು ಈ ಕೃಷ್ಣೆಯ ದಂಡೆಯಲ್ಲೇ ಎಂಬುದು ಜನರ ನಂಬಿಕೆ. ಕೂಡಲಸಂಗಮಕ್ಕೆ ಬಸ್ಸುಗಟ್ಟಲೆ ಹೋಗುವವರಲ್ಲಿ ಇತ್ತ ಹಾಯುವವರು ಕಮ್ಮಿ. ಒಂದು ರಾತ್ರಿ ಉಳಿದರೆ ಇಲ್ಲಿನ ಖಾನಾವಳಿಗೆ, ರೊಟ್ಟಿ ಬಡಿಯುವವಳ ಕೈಗೆ ನಾಲ್ಕು ಕಾಸು ಸಿಗುತ್ತದೆ.

ವಿರೋಧ

ದಂಡೆ ಎಲ್ಲಿ ಉಳಿದಿದೆ, ಮೊದಲು ತೋರಿಸಿ. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿ ಅಡಿಗಲ್ಲು ಇಟ್ಟ ಆಲಮಟ್ಟಿ ಜಲಾಶಯದಲ್ಲಿ ಈಗ 519.60 ಮೀಟರ್‌ವರೆಗೆ ನೀರು ನಿಲ್ಲುತ್ತದೆ. ಹಳೇ ಊರುಗಳು ಹಿನ್ನೀರಿನ ಕೆಳಗಿವೆ, ಜನ ಪುನರ್ವಸತಿ ಕೇಂದ್ರಗಳಲ್ಲಿದ್ದಾರೆ. ಮಟ್ಟ 524.256ಕ್ಕೆ ಏರಿದರೆ ಇನ್ನಷ್ಟು ಊರುಗಳು ಗಂಟುಮೂಟೆ ಕಟ್ಟಬೇಕು. ನಾರಾಯಣಪುರದ ಹಿನ್ನೀರು ಬಂದಾಗ ಕೂಡಲಸಂಗಮದ ಬಸವಣ್ಣನವರ ಐಕ್ಯಮಂಟಪಕ್ಕೆ ಸುತ್ತಲೂ ಬಾವಿಯಂತೆ ಗೋಡೆ ಎಬ್ಬಿಸಿ ಉಳಿಸಿಕೊಂಡೆವು. ಸರಿಯೇ. ಬಡವನ ಮನೆಗೆ ಆ ಗೋಡೆ ಯಾರು ಕಟ್ಟಿದರು? ಪರಿಹಾರಕ್ಕೆ ಕಚೇರಿ ಅಲೆಯುವವನ ಮುಂದೆ ಹೋಂಸ್ಟೇ ಮಾತು ಎತ್ತಲು ನನಗಂತೂ ಬಾಯಿ ಬರದು.

ಭೀಮೆಯದು ಇನ್ನೊಂದು ಕಥೆ. ಬೇಸಿಗೆಯಲ್ಲಿ ಬ್ಯಾರೇಜಿನ ಕೆಳಗೆ ಮರಳು, ಕಲ್ಲು. ಮಳೆಗಾಲದಲ್ಲಿ ಮಹಾರಾಷ್ಟ್ರದ ಉಜನಿ ಜಲಾಶಯದಿಂದ ನೀರು ಬಿಟ್ಟರೆ ಎದೆ ಢವಢವ. 2020ರ ಅಕ್ಟೋಬರ್ ಪ್ರವಾಹವನ್ನು ದಂಡೆಯ ರೈತರು ಮರೆತಿಲ್ಲ. ರೈನ್ ನದಿಯಲ್ಲೇ 2018 ಮತ್ತು 2022ರಲ್ಲಿ ನೀರಿಳಿದು ಹಡಗುಗಳು ತೊಂದರೆಗೆ ಸಿಕ್ಕವು. ಇಲ್ಲಿ ದೋಣಿ ಪ್ರವಾಸದ ಮಾತು ಆಡುವವರು ಏಪ್ರಿಲ್‌ನಲ್ಲೊಮ್ಮೆ ಹೊಳೆಗೆ ಇಳಿದು ನೋಡಲಿ.

ರೈಲಿಗೆ ಬಂದವರು ‘ಇಂಡಿ ರೋಡ್’ನಲ್ಲಿ ಇಳಿಯುತ್ತಾರೆ, ಇಂಡಿ ಇನ್ನೂ ದೂರ. ‘ಬಸವನಬಾಗೇವಾಡಿ ರೋಡ್’ ಕೂಡ ಹಾಗೆಯೇ. ನಿಧಾನದ ಪ್ರವಾಸ ಅಂದರೆ ಬಸ್ಸಿಗೆ ಕಾಯುವುದೇ ಆದೀತು! ಸಾಲೋಟಗಿ, ಹಲಸಂಗಿಯ ಮಾತು ಒಪ್ಪುತ್ತೇನೆ, ಆದರೆ ಅವನ್ನು ಮೊದಲು ನೋಡಬೇಕಾದವರು ಈ ತಾಲ್ಲೂಕುಗಳ ಶಾಲೆ ಮಕ್ಕಳು. ಪ್ರವಾಸಕ್ಕೆಂದು ತೆಗೆದಿಟ್ಟ ಹಣವಿದ್ದರೆ ಹೊಳೆದಂಡೆಯ ಹಳ್ಳಿಗಳಿಗೆ ಸಂಜೆಯ ಬಸ್ಸು ಹೆಚ್ಚಿಸಿ, ನಿಲ್ದಾಣಗಳಲ್ಲಿ ಹೆಣ್ಣುಮಕ್ಕಳು ಹೋಗುವಂಥ ಶೌಚಾಲಯ ಕಟ್ಟಿಸಿ. ಆಮೇಲೆ ಯಾರು ಬೇಕಾದರೂ ಬಂದು ನಾಲ್ಕು ದಿನ ಇರಲಿ, ಬೇಡ ಅನ್ನುವವರು ಯಾರು?