ಗೊರಕೆಯು ಗಾಢನಿದ್ರೆಯ ಗುರುತೇ?

ಗೊರಕೆಯನ್ನು ಕುರಿತು ಬರೆಯಹೊರಟಿರುವೆವೆಂದು ತಿಳಿದೊಡನೆ ನಮ್ಮ ವಾಚಕರಲ್ಲಿ ಅನೇಕರು ನಗುವರು. ನಗಲಿ, ನಮ್ಮ ಆಕ್ಷೇಪಣೆಯಿಲ್ಲ. ಮದುವೆಯ ಮನೆಯ ಉಪ್ಪರಿಗೆಯಲ್ಲಿ ಜಮಖಾನದ ಮೇಲೆ ಸಾಲಾಗಿ ಮಲಗಿದ ಬಂಧುಗಳ ಪೈಕಿ ಯಾರೋ ಒಬ್ಬ ಹಿರಿಯರು ನಡುರಾತ್ರಿಯಲ್ಲಿ ಗೊರಕೆಯನ್ನಾರಂಭಿಸಿ ಉಳಿದವರೆಲ್ಲರ ನಿದ್ರೆಯನ್ನು ಅಪಹರಿಸುವುದೂ, ಬೆಳಗ್ಗೆ ಕಾಫಿಯ ಹೊತ್ತಿಗೆ ಅದೇ ಎಲ್ಲರ ವಿನೋದಕ್ಕೆ ವಸ್ತುವಾಗುವುದೂ ಯಾರೂ ಕಾಣದ ಸಂಗತಿಯಲ್ಲ. ಅಂಥವರಿಗೆ ಕುಂಭಕರ್ಣನೆಂಬ ಬಿರುದು ಸಲ್ಲುವುದು. ವಾಲ್ಮೀಕಿ ರಾಮಾಯಣದ ಯುದ್ಧಕಾಂಡದಲ್ಲಿ ಆ ಮಹಾನಿದ್ರಾಳುವನ್ನು ಎಬ್ಬಿಸಹೋದ ರಾಕ್ಷಸರು ಅವನ ಉಸಿರಿನ ರಭಸಕ್ಕೆ ಎದುರು ನಿಲ್ಲಲಾರದೆ ಹೋದರೆಂಬ ವರ್ಣನೆಯುಂಟು. ಆದರೆ ಈ ನಗೆಯ ಹಿಂದೆ ಒಂದು ತಪ್ಪು ತಿಳಿವಳಿಕೆ ಅಡಗಿದೆ. ಗೊರಕೆ ಹೊಡೆಯುವವನು ಸುಖವಾಗಿ ನಿದ್ರಿಸುತ್ತಿರುವನೆಂಬುದೇ ಆ ತಿಳಿವಳಿಕೆ. ಅದು ಎಷ್ಟರ ಮಟ್ಟಿಗೆ ನಿಜವೆಂಬುದನ್ನು ಈ ತಿಂಗಳು ವಿಚಾರಮಾಡೋಣ.

ಚರಕಾಚಾರ್ಯರು ಶರೀರವನ್ನು ಎತ್ತಿಹಿಡಿಯುವ ಮೂರು ಊರುಗೋಲುಗಳಲ್ಲಿ ಆಹಾರದ ತರುವಾಯ ನಿದ್ರೆಯನ್ನೇ ಎಣಿಸಿರುವರು. ಊಟದಲ್ಲಿ ಕಲ್ಲು ಸಿಕ್ಕರೆ ಮನೆಯೊಡತಿಯನ್ನು ಗದರಿಸುವ ನಾವು, ನಿದ್ರೆಯಲ್ಲಿ ಕಲ್ಲು ಸಿಕ್ಕರೆ ಅರಿಯುವುದೇ ಇಲ್ಲ. ಏಕೆಂದರೆ ನಿದ್ರಿಸುವವನಿಗೆ ತನ್ನ ನಿದ್ರೆಯ ಗುಣದೋಷಗಳು ಕಾಣುವುದಿಲ್ಲ. ಅವನ್ನು ಬಲ್ಲವರು ಪಕ್ಕದಲ್ಲಿ ಮಲಗಿ ಎಚ್ಚರವಾಗಿರುವವರು ಮಾತ್ರ. ಆದಕಾರಣ ಈ ಲೇಖನವು ಗೊರಕೆ ಹೊಡೆಯುವವರಿಗಿಂತ ಹೆಚ್ಚಾಗಿ ಅದನ್ನು ಕೇಳುವವರಿಗಾಗಿ ಬರೆದುದು.

ಮೊದಲು ಗೊರಕೆಯು ಹುಟ್ಟುವ ಬಗೆಯನ್ನು ನೋಡುವ. ಶಾಲೆಯಲ್ಲಿ ವರ್ಣಗಳ ಉತ್ಪತ್ತಿಸ್ಥಾನಗಳನ್ನು ಕಲಿಸುವಾಗ ಕಂಠ, ತಾಲು ಎಂದು ನಾವು ಹೇಳಿಕೊಡುತ್ತಿದ್ದೆವಷ್ಟೆ. ಗೊರಕೆಯ ಜನ್ಮಭೂಮಿಯೂ ಅದೇ. ಬಾಯಿಯ ಮೇಲ್ಭಾಗದ ಹಿಂದುಗಡೆ ಇರುವ ಮೆತ್ತನೆಯ ತಾಲು, ಅದರಿಂದ ಜೋತುಬಿದ್ದಿರುವ ಕಿರುನಾಲಿಗೆ, ನಾಲಿಗೆಯ ಬುಡ, ಗಂಟಲಿನ ಗೋಡೆಗಳು, ಇವೆಲ್ಲವೂ ಎಚ್ಚರದಲ್ಲಿ ಸ್ನಾಯುಗಳ ಬಿಗಿಯಿಂದ ತಮ್ಮ ತಮ್ಮ ಸ್ಥಾನದಲ್ಲಿ ನಿಂತಿರುವುವು. ನಿದ್ರೆ ಬಂದೊಡನೆ ಆ ಬಿಗಿಯು ಸಡಿಲವಾಗಿ ದಾರಿಯು ಕಿರಿದಾಗುವುದು. ಕಿರಿದಾದ ದಾರಿಯಲ್ಲಿ ಗಾಳಿಯು ರಭಸದಿಂದ ನುಗ್ಗಲು ಮೆತ್ತನೆಯ ಭಾಗಗಳು ಗಾಳಿಗೆ ಸಿಕ್ಕ ಬಾಳೆಯೆಲೆಯಂತೆ ಅದುರುವುವು. ಆ ಅದುರಿನ ಶಬ್ದವೇ ಗೊರಕೆ.

ಇಷ್ಟೇ ಆಗಿದ್ದರೆ ಹೆಚ್ಚಿನ ಭಯವಿಲ್ಲ. ನೆಗಡಿಯಾದಾಗ, ಬಹಳ ದಣಿದಾಗ, ಅಂಗಾತ ಮಲಗಿದಾಗ ಯಾರಾದರೂ ಗೊರೆದಾರು. ಭಯವಿರುವುದು ಮುಂದಿನ ಹಂತದಲ್ಲಿ. ಕೆಲವರಲ್ಲಿ ಈ ದಾರಿಯು ಕಿರಿದಾಗುವುದಷ್ಟೇ ಅಲ್ಲದೆ ಆಗಾಗ ಪೂರ್ತಿಯಾಗಿ ಮುಚ್ಚಿಹೋಗುವುದು. ಎದೆಯೂ ಹೊಟ್ಟೆಯೂ ಉಸಿರಿಗಾಗಿ ಹೆಣಗುತ್ತಿರುವುವು, ಗಾಳಿ ಮಾತ್ರ ಒಳಹೋಗದು. ರಕ್ತದಲ್ಲಿ ಆಮ್ಲಜನಕವು ಇಳಿಯತೊಡಗಲು ಮಿದುಳು ಗಾಬರಿಗೊಂಡು ಶರೀರವನ್ನು ಅರೆಕ್ಷಣ ಎಬ್ಬಿಸುವುದು. ಮಲಗಿದವನು ದೊಡ್ಡ ಸದ್ದಿನೊಡನೆ ಉಸಿರೆಳೆದುಕೊಂಡು ಮಗ್ಗುಲಾಗಿ ಪುನಃ ನಿದ್ರಿಸುವನು. ಹೀಗೆ ಎದ್ದುದು ಅವನಿಗೆ ನೆನಪಿರುವುದಿಲ್ಲ. ಹತ್ತು ಸೆಕೆಂಡುಗಳಿಗೆ ಕಡಮೆಯಿಲ್ಲದೆ ಉಸಿರು ನಿಂತರೆ ಅಥವಾ ತೀರ ಕುಗ್ಗಿದರೆ ವೈದ್ಯರು ಅದನ್ನು ಒಂದೆಂದು ಎಣಿಸುವರು. ವಯಸ್ಕರಲ್ಲಿ ಗಂಟೆಗೆ 5ರಿಂದ 15ರವರೆಗೆ ಹೀಗಾದರೆ ಅಲ್ಪವೆಂದೂ, 15ರಿಂದ 30ರವರೆಗೆ ಮಧ್ಯಮವೆಂದೂ, 30ನ್ನು ಮೀರಿದರೆ ತೀವ್ರವೆಂದೂ ಅವರ ಲೆಕ್ಕ.

ಈ ವ್ಯಾಧಿಯ ಸುಳಿವು ನಮ್ಮ ಪೂರ್ವಿಕರಿಗೆ ಇಲ್ಲದಿರಲಿಲ್ಲ. ಸುಶ್ರುತಸಂಹಿತೆಯ ಸೂತ್ರಸ್ಥಾನದಲ್ಲಿ ಸ್ಥೂಲಕಾಯರ ಬಾಧೆಗಳನ್ನು ಹೇಳುವಲ್ಲಿ ಕ್ಷುದ್ರಶ್ವಾಸ, ಅತಿನಿದ್ರೆ ಮೊದಲಾದವುಗಳ ಜತೆಗೆ ‘ಕ್ರಥನ’ ಎಂಬೊಂದು ಪದವಿದೆ. ಇದ್ದಕ್ಕಿದ್ದಂತೆ ಉಸಿರು ಕಟ್ಟುವುದೆಂದು ಅದಕ್ಕೆ ಅರ್ಥ ಹೇಳುವರು. ಇಂಗ್ಲೆಂಡಿನಲ್ಲಿ ಡಿಕನ್ಸ್ ಮಹಾಶಯನು 1836-37ರಲ್ಲಿ ಪ್ರಕಟಿಸಿದ ‘ಪಿಕ್‌ವಿಕ್ ಪೇಪರ್ಸ್’ ಕಾದಂಬರಿಯಲ್ಲಿ ಜೋ ಎಂಬ ದಪ್ಪ ಹುಡುಗನೊಬ್ಬನು ಎಲ್ಲೆಂದರಲ್ಲಿ ನಿದ್ರೆಹೋಗಿ ಗೊರಕೆ ಹೊಡೆಯುತ್ತಾನೆ. ಓದುಗರು ಅವನನ್ನು ಕಂಡು ನೂರು ವರ್ಷ ನಕ್ಕರು. 1956ರಲ್ಲಿ ಅಮೆರಿಕಾದ ವೈದ್ಯರು ಸ್ಥೂಲಕಾಯರಲ್ಲಿ ಕಾಣುವ ಇಂತಹುದೇ ಒಂದು ಉಸಿರಾಟದ ವ್ಯಾಧಿಗೆ ಆ ಕಾದಂಬರಿಯ ಹೆಸರನ್ನೇ ಇಟ್ಟರು. ನಿದ್ರೆಯಲ್ಲಿ ಗಂಟಲು ಮುಚ್ಚಿ ಉಸಿರು ನಿಲ್ಲುವುದನ್ನು 1965ರಲ್ಲಿ ಫ್ರಾನ್ಸಿನ ಮತ್ತು ಜರ್ಮನಿಯ ವೈದ್ಯರು ಬೇರೆ ಬೇರೆಯಾಗಿ ಯಂತ್ರಗಳಿಂದ ಅಳೆದು ತೋರಿಸಿದರು.

ಈಗ ನಮ್ಮ ಮನೆಯ ಮಾತೊಂದನ್ನು ಹೇಳದೆ ವಿಧಿಯಿಲ್ಲ. ನಾವು ನಾಲ್ವತ್ತೈದು ದಾಟಿದಂದಿನಿಂದ ಗೊರೆಯುತ್ತಿದ್ದೆವಂತೆ. ಹಗಲಿನಲ್ಲಿ ಪತ್ರಿಕೆ ಹಿಡಿದರೆ ಜೊಂಪು. ಬೆಳಗ್ಗೆ ಎದ್ದರೆ ತಲೆಭಾರ. ರಾತ್ರಿ ಮೂರು ಸಲ ಮೂತ್ರಕ್ಕೆ ಏಳುವುದು. ಮಾತ್ರೆಗಳನ್ನು ಹೆಚ್ಚಿಸಿದರೂ ಇಳಿಯದ ರಕ್ತದೊತ್ತಡ. ಇವೆಲ್ಲವನ್ನೂ ವಯೋಧರ್ಮದ ಲೆಕ್ಕಕ್ಕೆ ಬರೆದು ಸುಮ್ಮನಿದ್ದೆವು. ಒಂದು ದಿನ ಬಂಧುಗಳೆದುರಿಗೆ ನಮ್ಮ ಗೊರಕೆಯ ಮಾತು ಬಂದು ಎಲ್ಲರೂ ನಗುತ್ತಿರಲು, ನಮ್ಮ ಮನೆಯವರು ಮಾತ್ರ ನಗಲಿಲ್ಲ. ಎಲ್ಲರೂ ಹೋದಮೇಲೆ, “ನಿಮ್ಮ ಗೊರಕೆಗೆ ನಾನು ಎಂದೂ ಹೆದರಿದವಳಲ್ಲ. ಅದು ನಿಂತಾಗ ಹೆದರುತ್ತೇನೆ. ಮತ್ತೆ ಶುರುವಾಗುವವರೆಗೂ ಗಡಿಯಾರವನ್ನು ನೋಡುತ್ತ ಕೂತಿರುತ್ತೇನೆ” ಎಂದರು. ಎಷ್ಟು ದಿನಗಳಿಂದ ಹೀಗೆಂದು ಕೇಳಿದೆವು. “ದಿನಗಳಲ್ಲ, ಆರು ವರ್ಷ” ಎಂದು ಉತ್ತರ ಬಂದಿತು. ಆರು ವರ್ಷ ಪಕ್ಕದಲ್ಲೊಬ್ಬರು ನಮ್ಮ ಉಸಿರನ್ನು ಕಾವಲು ಕಾಯುತ್ತಿದ್ದರು. ನಾವೋ, ಮಧ್ಯಾಹ್ನ ಅವರು ತೂಕಡಿಸಿದರೆ ಆಕ್ಷೇಪಿಸುತ್ತಿದ್ದೆವು! ಮುಂದಿನ ವಾರವೇ ಪರೀಕ್ಷೆ ಮಾಡಿಸಿದೆವು. ಗಂಟೆಗೆ 34 ಬಾರಿ ಉಸಿರು ಕಟ್ಟುತ್ತಿದ್ದಿತು.

ಇದನ್ನು ಅಲಕ್ಷಿಸಿದರೆ ಆಗುವ ಅಪಾಯಗಳನ್ನು ಸಂಗ್ರಹವಾಗಿ ಹೇಳುವೆವು. ರಾತ್ರಿಯೆಲ್ಲ ಆಮ್ಲಜನಕದ ಏರಿಳಿತದಿಂದಲೂ ಪದೇ ಪದೇ ಬೆಚ್ಚುವುದರಿಂದಲೂ ರಕ್ತದೊತ್ತಡವು ಏರುವುದು. ಹೃದಯದ ಬಡಿತವು ತಾಳ ತಪ್ಪುವುದು, ಹೃದ್ರೋಗ, ಪಾರ್ಶ್ವವಾಯು, ಮಧುಮೇಹ, ಇವು ಇಂಥವರಲ್ಲಿ ಹೆಚ್ಚಾಗಿ ಕಾಣುವುವು. ಮರೆವು, ಮುಂಗೋಪ, ಮನಸ್ಸಿನ ಕುಗ್ಗು ಇವೂ ಉಂಟು. ಎಲ್ಲಕ್ಕಿಂತ ಭಯಂಕರವಾದುದು ಚಾಲಕನಿಗೆ ಹಗಲಿನಲ್ಲಿ ಬರುವ ತೂಕಡಿಕೆ. ಮನೆಯಲ್ಲಿ ತೂಕಡಿಸಿದರೆ ಪತ್ರಿಕೆ ಜಾರುವುದು. ಬಸ್ಸಿನ ಚಕ್ರದ ಮುಂದೆ ತೂಕಡಿಸಿದರೆ ಐವತ್ತು ಮಂದಿಯ ಪ್ರಾಣ ಜಾರುವುದು. ವಾಹನ ನಡೆಸುವವರು ಮನೆಯಲ್ಲಿದ್ದರೆ ಅವರ ಗೊರಕೆಯನ್ನು ಎಂದಿಗೂ ಹಗುರವಾಗಿ ಎಣಿಸಬಾರದು.

ಮಕ್ಕಳ ವಿಷಯದಲ್ಲಿ ನಮ್ಮದೊಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. ಬಹಳ ವರ್ಷಗಳ ಹಿಂದೆ ಐದನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದನು. ಸದಾ ಬಾಯಿ ತೆರೆದುಕೊಂಡೇ ಕುಳಿತಿರುವನು. ಪಾಠದ ನಡುವೆ ಕಣ್ಣು ಮುಚ್ಚುವನು, ಇಲ್ಲವೆ ಪಕ್ಕದವನನ್ನು ಕೆಣಕುವನು. ಸೋಮಾರಿಯೆಂದು ತೀರ್ಮಾನಿಸಿ ಅವನನ್ನು ಬೆಂಚಿನ ಮೇಲೆ ನಿಲ್ಲಿಸಿದ ದಿನಗಳಿಗೆ ಲೆಕ್ಕವಿಲ್ಲ. ಒಂದು ದಿನ ಅವನ ತಾಯಿ ಬಂದು, “ಮೇಷ್ಟ್ರೇ, ರಾತ್ರಿಯೆಲ್ಲ ಮಗು ಮುದುಕರ ಹಾಗೆ ಗೊರೆಯುತ್ತಾನೆ, ಒದ್ದಾಡುತ್ತಾನೆ, ಹಾಸಿಗೆಯನ್ನೂ ಒದ್ದೆಮಾಡುತ್ತಾನೆ. ಹಗಲು ಹೊಡೀಬೇಡಿ” ಎಂದು ಕಣ್ಣೀರಿಟ್ಟಳು. ಕಿವಿಮೂಗಿನ ವೈದ್ಯರು ನೋಡಿದಾಗ ಗಂಟಲಿನ ಟಾನ್ಸಿಲ್ ಗ್ರಂಥಿಗಳೂ ಮೂಗಿನ ಹಿಂದಿರುವ ಅಡಿನಾಯ್ಡ್ ಎಂಬ ಗ್ರಂಥಿಯೂ ಊದಿಕೊಂಡು ಉಸಿರಿನ ದಾರಿಯನ್ನು ಅಡ್ಡಗಟ್ಟಿದ್ದುವು. ಅವನ್ನು ತೆಗೆಸಿದ ಮರುವರ್ಷ ಅದೇ ಹುಡುಗನು ರಾಮಶಬ್ದವನ್ನು ತಡವರಿಸದೆ ಒಪ್ಪಿಸಿದನು. ಅವನ ಕ್ಷಮೆಯನ್ನು ಕೇಳುವ ಧೈರ್ಯವು ನಮಗೆ ಅಂದು ಬರಲಿಲ್ಲ. ಇಂದು ಈ ಅಂಕಣದಲ್ಲಿ ಕೇಳುತ್ತಿರುವೆವು. ಮಗುವು ವಾರದಲ್ಲಿ ಅನೇಕ ರಾತ್ರಿ ಗೊರೆದರೆ, ಬಾಯಲ್ಲಿ ಉಸಿರಾಡಿದರೆ, ಓದಿನಲ್ಲಿ ಹಿಂದುಳಿದರೆ, ತಂದೆತಾಯಿಗಳೂ ಉಪಾಧ್ಯಾಯರೂ ಬೆತ್ತಕ್ಕೆ ಕೈಹಾಕುವ ಮೊದಲು ವೈದ್ಯರ ಬಾಗಿಲಿಗೆ ಹೋಗತಕ್ಕದ್ದು.

ಹೆಂಗಸರ ಸ್ಥಿತಿಯು ಇನ್ನೊಂದು ಬಗೆ. ಗಂಡಸು ಗೊರೆದರೆ ನಗೆ, ಹೆಂಗಸು ಗೊರೆದರೆ ನಾಚಿಕೆ ಎಂಬ ಭಾವನೆಯಿಂದ ಅವರು ಹೇಳಿಕೊಳ್ಳುವುದೇ ಇಲ್ಲ. ಮುಟ್ಟು ನಿಂತಮೇಲೆ ಈ ವ್ಯಾಧಿಯು ಅವರಲ್ಲಿ ಹೆಚ್ಚುವುದು, ಗರ್ಭಿಣಿಯರಲ್ಲಿಯೂ ಕಾಣುವುದುಂಟು. ಅವರಲ್ಲಿ ಗೊರಕೆಯ ಸದ್ದಿಗಿಂತ ನಿದ್ರಾಭಂಗ, ಆಯಾಸ, ಬೆಳಗಿನ ತಲೆನೋವು ಇವೇ ಮುಂದಾಗಿ ಕಾಣಬಹುದು. “ಯಾವಾಗಲೂ ಸುಸ್ತು ಎನ್ನುತ್ತಾಳೆ” ಎಂದು ಮನೆಯವರು ಗೊಣಗುವುದಕ್ಕೆ ಮುಂಚೆ ಆಕೆಯ ನಿದ್ರೆ ಹೇಗಿದೆಯೆಂದು ವಿಚಾರಿಸುವುದು ಧರ್ಮ.

ಇನ್ನು ಪರಿಹಾರ. ಮೊದಲನೆಯದು ಮೈಯ ಭಾರವನ್ನು ಇಳಿಸುವುದು. ಕತ್ತಿನ ಸುತ್ತ ಸೇರಿದ ಕೊಬ್ಬು ಗಂಟಲನ್ನು ಹೊರಗಿನಿಂದ ಅಮುಕುವುದು. ಗಂಡಸರಲ್ಲಿ ಕತ್ತಿನ ಸುತ್ತಳತೆಯು 17 ಅಂಗುಲವನ್ನೂ ಹೆಂಗಸರಲ್ಲಿ 16 ಅಂಗುಲವನ್ನೂ ಮೀರಿದರೆ ಎಚ್ಚರ ವಹಿಸಬೇಕು. ಅಮೆರಿಕಾದ ವಿಸ್ಕಾನ್ಸಿನ್ ಪ್ರಾಂತದಲ್ಲಿ ನಡೆದು 2000ದಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ತೂಕವು ನೂರಕ್ಕೆ ಹತ್ತರಷ್ಟು ಇಳಿದರೆ ಉಸಿರು ಕಟ್ಟುವ ಎಣಿಕೆಯು ನೂರಕ್ಕೆ ಸುಮಾರು 26ರಷ್ಟು ಇಳಿಯುವುದೆಂದು ಕಂಡುಬಂದಿದೆ. ಎರಡನೆಯದು ಮಲಗುವ ರೀತಿ. ಅಂಗಾತ ಮಲಗಿದರೆ ನಾಲಿಗೆಯು ಹಿಂದಕ್ಕೆ ಜಾರುವುದು. ಆದುದರಿಂದ ಮಗ್ಗುಲಾಗಿ ಮಲಗಬೇಕು. ಊಟದ ತರುವಾಯ ವಾಮಕುಕ್ಷಿಯಲ್ಲಿ ಮಲಗುವ ನಮ್ಮ ಹಿರಿಯರ ಪದ್ಧತಿಯು ಇಲ್ಲಿಯೂ ಉಪಕಾರಿಯೇ. ನಿದ್ರೆಯಲ್ಲಿ ಹೊರಳುವವರು ಬನಿಯನ್ನಿನ ಬೆನ್ನಿಗೆ ಚೀಲ ಹೊಲಿದು ಅದರಲ್ಲೊಂದು ರಬ್ಬರಿನ ಚೆಂಡನ್ನಿಟ್ಟುಕೊಳ್ಳಬಹುದು. ಮೂರನೆಯದು, ಮದ್ಯವನ್ನೂ ಧೂಮಪಾನವನ್ನೂ ಬಿಡುವುದು. ವೈದ್ಯರನ್ನು ಕೇಳದೆ ನಿದ್ರೆಯ ಮಾತ್ರೆಯನ್ನು ನುಂಗಕೂಡದು. ಅದು ಮೊದಲೇ ಸಡಿಲವಾದ ಗಂಟಲನ್ನು ಇನ್ನಷ್ಟು ಸಡಿಲಿಸುವುದು. ನಾಲ್ಕನೆಯದು, ಮೂಗು ಕಟ್ಟಿದ್ದರೆ ಅದಕ್ಕೆ ಚಿಕಿತ್ಸೆ. ಥೈರಾಯ್ಡ್ ಗ್ರಂಥಿಯು ಮಂದವಾಗಿದ್ದರೆ ಅದಕ್ಕೂ ಔಷಧಬೇಕು.

ಉಸಿರು ಕಟ್ಟುವ ಲಕ್ಷಣವಿದ್ದರೆ ಮನೆಯ ಮದ್ದಿನಲ್ಲಿಯೇ ಕಾಲಹರಣ ಮಾಡದೆ ನಿದ್ರಾಪರೀಕ್ಷೆಯನ್ನು ಮಾಡಿಸಬೇಕು. ಒಂದು ರಾತ್ರಿ ಮೈಗೆ ತಂತಿಗಳನ್ನು ಅಂಟಿಸಿ ಉಸಿರು, ಆಮ್ಲಜನಕ, ಎದೆಬಡಿತಗಳನ್ನು ಗುರುತಿಸುವರು, ನೋವೇನೂ ಇಲ್ಲ. ನಮ್ಮ ದೊಡ್ಡ ನಗರಗಳ ಆಸ್ಪತ್ರೆಗಳಲ್ಲಿ ಈ ಸೌಕರ್ಯವುಂಟು. ಕೆಲವರಿಗೆ ಮನೆಯಲ್ಲಿಯೇ ಮಾಡುವ ಪರೀಕ್ಷೆಯೂ ಸಾಕಾಗುವುದು.

ಮಧ್ಯಮ ಮತ್ತು ತೀವ್ರ ವ್ಯಾಧಿಗೆ ಮುಖ್ಯವಾದ ಉಪಾಯವೆಂದರೆ ಮೂಗಿಗೆ ಮುಸುಕು ಕಟ್ಟಿ ಸಣ್ಣ ಒತ್ತಡದ ಗಾಳಿಯನ್ನು ಎಡೆಬಿಡದೆ ಊದುವ ಸಿಪ್ಯಾಪ್ ಎಂಬ ಯಂತ್ರ. ಆಸ್ಟ್ರೇಲಿಯಾದ ಸಿಡ್ನಿ ನಗರದ ಕಾಲಿನ್ ಸಲಿವನ್ ಎಂಬ ವೈದ್ಯರೂ ಅವರ ಸಂಗಡಿಗರೂ 1981ರಲ್ಲಿ ಇದನ್ನು ಪ್ರಕಟಪಡಿಸಿದರು. ಅದಕ್ಕೆ ಮುಂಚೆ ತೀವ್ರರೋಗಿಗಳಿಗೆ ಕತ್ತಿನಲ್ಲಿ ರಂಧ್ರ ಕೊರೆದು ಉಸಿರಿಗೆ ಬೇರೆ ದಾರಿ ಮಾಡಬೇಕಾಗಿತ್ತು. ಯಂತ್ರವು ದುಬಾರಿಯಾದುದು, ಬಾಡಿಗೆಗೂ ದೊರೆಯುವುದುಂಟು. ಮೊದಲ ವಾರಗಳಲ್ಲಿ ಬಹಳ ಕಿರಿಕಿರಿಯಾಗುವುದು. ನಮ್ಮನ್ನು ಆ ಸೊಂಡಿಲಿನೊಡನೆ ಕಂಡ ಮೊಮ್ಮಗಳು “ಅಜ್ಜ ಗಣಪತಿಯಾಗಿದ್ದಾರೆ!” ಎಂದು ಮನೆಯವರನ್ನೆಲ್ಲ ಕರೆತಂದಳು. ತಿಂಗಳಾಗುವಷ್ಟರಲ್ಲಿ ಹಗಲಿನ ಜೊಂಪು ಹೋಯಿತು, ರಾತ್ರಿ ಏಳುವುದು ತಪ್ಪಿತು. ವಾರಕ್ಕೆರಡು ದಿನ ಕಟ್ಟಿ ಮೂಲೆಗಿಟ್ಟರೆ ಫಲವಿಲ್ಲ; ನಿತ್ಯಾನುಷ್ಠಾನದಂತೆ ಪ್ರತಿರಾತ್ರಿಯೂ ನಡೆಯಬೇಕು. ಯಂತ್ರವನ್ನು ಸಹಿಸಲಾರದವರಿಗೂ ಅಲ್ಪವ್ಯಾಧಿಯವರಿಗೂ ದಂತವೈದ್ಯರು ಕೆಳದವಡೆಯನ್ನು ಮುಂದಕ್ಕೆ ಹಿಡಿದಿಡುವ ಸಾಧನವನ್ನು ಮಾಡಿಕೊಡುವರು. ಶಸ್ತ್ರಚಿಕಿತ್ಸೆಯೂ ಕೆಲವರಿಗೆ ಉಂಟು. ಸ್ಥೂಲಕಾಯರ ಮಧ್ಯಮ ಮತ್ತು ತೀವ್ರ ವ್ಯಾಧಿಗೆ ಟಿರ್ಜೆಪಟೈಡ್ ಎಂಬ ಚುಚ್ಚುಮದ್ದನ್ನು ಅಮೆರಿಕಾದ ಔಷಧಾಧಿಕಾರಿಗಳು 2024ರ ಡಿಸೆಂಬರಿನಲ್ಲಿ ಅಂಗೀಕರಿಸಿರುವರು. ಅದು ವೈದ್ಯರ ಅಪ್ಪಣೆಯಿಲ್ಲದೆ ಮುಟ್ಟತಕ್ಕದ್ದಲ್ಲ. ಯಾವ ಕಾರಣಕ್ಕಾದರೂ ಶಸ್ತ್ರಚಿಕಿತ್ಸೆಗೆ ಹೋಗುವ ಗೊರಕೆಯವರು ಮತ್ತು ಬರಿಸುವ ವೈದ್ಯರಿಗೆ ಈ ವಿಷಯವನ್ನು ಮುಂಚೆಯೇ ತಿಳಿಸತಕ್ಕದ್ದು.

ಕೊನೆಗೊಂದು ಸ್ವಾರಸ್ಯದ ಸಂಗತಿ. ಆಸ್ಟ್ರೇಲಿಯಾದ ಮೂಲನಿವಾಸಿಗಳ ಡಿಜೆರಿಡೂ ಎಂಬ ಉದ್ದನೆಯ ಕೊಳವೆವಾದ್ಯವನ್ನು ನಾಲ್ಕು ತಿಂಗಳು ಅಭ್ಯಾಸಮಾಡಿದವರಲ್ಲಿ ಈ ವ್ಯಾಧಿಯು ಕಡಮೆಯಾಯಿತೆಂದು ಸ್ವಿಟ್ಜರ್ಲೆಂಡಿನ ವೈದ್ಯರು 2006ರಲ್ಲಿ ಪ್ರಕಟಿಸಿದರು. 2025ರಲ್ಲಿ ಜಯಪುರದ ವೈದ್ಯರು ಮೂವತ್ತು ಮಂದಿಯನ್ನು ಪರೀಕ್ಷಿಸಿ, ವಾರಕ್ಕೆ ಐದು ದಿನ ಕನಿಷ್ಠ ಕಾಲುಗಂಟೆಯಂತೆ ಆರು ತಿಂಗಳು ಶಂಖವನ್ನು ಊದಿದವರಿಗೆ ಗುಣವು ಕಂಡಿತೆಂದು ವರದಿಮಾಡಿದರು. ಊದುವ ಸಾಧನೆಯಿಂದ ಗಂಟಲಿನ ಸ್ನಾಯುಗಳು ಬಲಿಯುವುವೆಂದು ಊಹೆ. ಇವು ಸಣ್ಣ ಪ್ರಯೋಗಗಳು. ಶಂಖವನ್ನು ನಂಬಿ ಯಂತ್ರವನ್ನು ಬಿಡುವುದು ಜಾಣತನವಲ್ಲ. ಆದರೂ ದೇವರಮನೆಯಲ್ಲಿ ಮೂಲೆಗೆ ಸೇರಿದ್ದ ಶಂಖವನ್ನು ನಾವು ತೊಳೆದಿಟ್ಟುಕೊಂಡಿರುವೆವು.

ವಾಚಕರಲ್ಲಿ ನಮ್ಮ ಬಿನ್ನಹವಿಷ್ಟೆ. ಇಂದು ರಾತ್ರಿ ನಿಮ್ಮ ಮನೆಯಲ್ಲಿ ಯಾರಾದರೂ ಗೊರೆದರೆ ಒಂದು ಗಳಿಗೆ ಕಿವಿಗೊಟ್ಟು ಕೇಳಿರಿ. ಸದ್ದು ಒಂದೇ ಸಮನಾಗಿ ಸಾಗಿದರೆ ಮಗ್ಗುಲಾಗಿಸಿ ಮಲಗಿರಿ. ನಡುನಡುವೆ ಸದ್ದಡಗಿ, ಬಳಿಕ ಉಸಿರು ಕಿತ್ತುಕೊಂಡು ಬಂದರೆ, ಬೆಳಗಾದೊಡನೆ ಅವರಿಗೆ ಹೇಳಿರಿ. ಅವರು ನಕ್ಕರೂ ಬಿಡದೆ ವೈದ್ಯರಲ್ಲಿಗೆ ಕರೆದೊಯ್ಯಿರಿ. ಆರು ವರ್ಷ ಕಾಯಬೇಡಿರಿ. ನಮ್ಮ ಮನೆಯವರು ಈಗ ಗಡಿಯಾರದ ಕಡೆಗೆ ಬೆನ್ನುಮಾಡಿ ಮಲಗುತ್ತಾರೆ.